ಆನೆಚೌಕೂರಿನ ಆಚೆ ಕ್ಯಾಪ್ಟನ್ ಯಾರು?

ಮೈಸೂರಿನಿಂದ ಬೆಳಗಿನ ಜಾವ ಕೊಡಗಿನ ಕಡೆ ಹೊರಟ ಸೈಕಲ್ ಗುಂಪು ಹುಣಸೂರು ಮುಟ್ಟುವಾಗಲೂ ಒಂದೇ ಗುಂಪಾಗಿ ಉಳಿದಿದ್ದರೆ ಅದು ಪವಾಡವೇ. ಹೊರಡುವಾಗ ಎಲ್ಲರದೂ ಒಂದೇ ಮಾತು: ‘ಒಟ್ಟಿಗೇ ಹೋಗೋಣ.’ ಬಿಳಿಕೆರೆ ದಾಟುವ ಹೊತ್ತಿಗೆ ಮುಂದಿನ ನಾಲ್ವರು ಕಣ್ಮರೆ, ಹಿಂದೆ ಯಾರದೋ ಚೈನ್ ಕಳಚಿದೆ, ನಡುವೆ ಸಿಕ್ಕವರಿಗೆ ಅತ್ತ ಓಡಬೇಕೋ ಇತ್ತ ಕಾಯಬೇಕೋ ತಿಳಿಯದು. ಹುಣಸೂರಿನ ಹೋಟೆಲಿನಲ್ಲಿ ಮೊದಲು ಬಂದವರು ಎರಡನೇ ಕಾಫಿಯೂ ಮುಗಿದು, ಬೆವರು ಆರಿ, ಮೈ ತಣ್ಣಗಾಗುತ್ತಿದೆ ಎಂದು ಗೊಣಗುತ್ತಿರುತ್ತಾರೆ. ಕೊನೆಯವರು ಬಂದು ಇಡ್ಲಿಗೆ ಕೈ ಹಾಕುವಷ್ಟರಲ್ಲಿ ‘ಹೊರಡೋಣ್ವಾ?’ ಎಂಬ ಕರೆ. ಸುಧಾರಿಸಿಕೊಳ್ಳುವ ಹೊತ್ತು ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗದು. ಗ್ರೂಪ್ ರೈಡ್‌ನ ಮೊದಲ ಅನ್ಯಾಯ ಇದು.

ಹಾಗಿದ್ದೂ ಜನ ಗುಂಪಿನಲ್ಲೇ ಹೋಗಲು ಮುಖ್ಯ ಕಾರಣ ಗಾಳಿ. ಸಮತಟ್ಟಾದ ರಸ್ತೆಯಲ್ಲಿ ಸವಾರನ ಬಲದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡು ಹೋದರೆ ಆ ಶ್ರಮ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲೋಕನ್ ಮತ್ತು ಸಂಗಡಿಗರು 121 ಸವಾರರ ದಟ್ಟ ಗುಂಪನ್ನು ಲೆಕ್ಕಹಾಕಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಂಪಿನ ಒಡಲಲ್ಲಿ ಇರುವವರಿಗೆ ಗಾಳಿಯ ತಡೆ ಒಂಟಿ ಸವಾರನಿಗೆ ಇರುವುದರ ಶೇ 5ರಿಂದ 10ರಷ್ಟು ಮಾತ್ರ. ಭುಜಕ್ಕೆ ಭುಜ ತಾಗಿಸಿ ಓಡಿಸುವ ವೃತ್ತಿಪರರ ಲೆಕ್ಕ ಅದು. ಭಾನುವಾರದ ನಮ್ಮ ಹತ್ತಾರು ಮಂದಿಗೆ ಅಷ್ಟೆಲ್ಲ ದಕ್ಕದು, ದಕ್ಕಿದಷ್ಟೇ ಸಾಕು.

ಆದರೆ ಆ ಉಳಿತಾಯದ ಬಾಡಿಗೆಯನ್ನು ಹಿಂದಿನವರು ತೆರಬೇಕು. ಮುಂದಿನವರು ಹಂಪ್ ಕಂಡು ಬ್ರೇಕ್ ಹಿಡಿದರೆ ಸಾಲು ಕುಗ್ಗುತ್ತದೆ. ಅವರು ಹಂಪ್ ದಾಟಿ ಪೆಡಲ್ ಒತ್ತುವಾಗ ಬಾಲದಲ್ಲಿದ್ದವರು ಇನ್ನೂ ಹಂಪ್ ಏರುತ್ತಿರುತ್ತಾರೆ. ಕಳೆದುಕೊಂಡ ಅಂತರಕ್ಕಾಗಿ ಪ್ರತಿ ಸಲವೂ ಓಟ. ಏರು ಬಂದರಂತೂ ಮುಗಿಯಿತು. ವೇಗ ಬಿದ್ದಾಗ ಗಾಳಿಯ ಆಸರೆಯೂ ಬೀಳುತ್ತದೆ, ಅಲ್ಲಿಂದ ಎಲ್ಲ ಅವರವರ ತೊಡೆಯ ಬಲ. 2008ರಲ್ಲಿ ಬೆಂಗಳೂರಿನ ಸವಾರರು ಶುರುಮಾಡಿದ ‘ಟೂರ್ ಆಫ್ ನೀಲಗಿರೀಸ್’ನಲ್ಲಿ ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿಯ 36 ತಿರುವುಗಳನ್ನು ಹತ್ತಿದವರನ್ನು ಕೇಳಿ, ಅಲ್ಲಿ ಗುಂಪು ಎಂಬುದು ಊಟದ ಸಾಲಿನಲ್ಲಿ ಮಾತ್ರ.

ಒಟ್ಟಿಗೇ ಹೋಗಬೇಕೋ, ಅವರವರ ವೇಗದಲ್ಲೋ ಎಂಬ ಈ ಜಗಳ ನಮ್ಮ ಕಾಲದ್ದಲ್ಲ. 1897ರಲ್ಲಿ ಇಟಲಿಯ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ಗೆ, ಸುಮಾರು 230 ಕಿ.ಮೀ. ದೂರವನ್ನು ಒಂದೇ ಹಗಲಿನಲ್ಲಿ ಕ್ರಮಿಸಿದರು. ಆ ಚಾಳಿಯನ್ನು ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್ 1904ರಲ್ಲಿ ಫ್ರಾನ್ಸಿಗೆ ತಂದ. ಅವನ ಕ್ರಮದಲ್ಲಿ ಮುಂದೆ ಕ್ಯಾಪ್ಟನ್, ಗೊತ್ತುಮಾಡಿದ ಒಂದೇ ವೇಗ, ಯಾರೂ ಕ್ಯಾಪ್ಟನ್‌ನನ್ನು ಹಿಂದೆ ಹಾಕುವಂತಿಲ್ಲ. ಹದಿನೇಳು ವರ್ಷಗಳ ನಂತರ ಇನ್ನೊಂದು ದಾರಿ ತೆರೆಯಿತು. 1921ರಲ್ಲಿ ‘ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್’ ಸ್ವತಂತ್ರ ವೇಗದ ಬ್ರೆವೆಗಳನ್ನು, ಅಂದರೆ ಗೊತ್ತಾದ ಹೊತ್ತಿನೊಳಗೆ ಮುಗಿಸುವ ದೂರದ ಸವಾರಿಗಳನ್ನು, ಆರಂಭಿಸಿತು. ಇಂದು ಬೆಂಗಳೂರು, ಮೈಸೂರಿನ ಸವಾರರು ‘ಬಿಆರ್‌ಎಂ’ ಎನ್ನುವುದು ಇದನ್ನೇ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಕಾರ್ಡಿಗೆ ಹೊತ್ತಿಗೆ ಸರಿಯಾಗಿ ಮುದ್ರೆ ಬಿದ್ದರೆ ಸಾಕು; ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದೇ ಇಲ್ಲ. ಜೊತೆಗೆ ಹೋಗಬೇಕೆಂಬ ಕಟ್ಟಳೆ ಇಲ್ಲದ ಕಡೆಯೇ ಜೊತೆ ಚೆನ್ನಾಗಿ ಕೂಡಿಬರುತ್ತದೆ ಎಂಬುದು ನನ್ನ ಅನಿಸಿಕೆ. ಹೆಸರೂ ತಿಳಿಯದವರು ಇಪ್ಪತ್ತು ಕಿ.ಮೀ. ಪಕ್ಕದಲ್ಲಿದ್ದು ಸಾಲ, ಸಂಸಾರ, ಮಂಡಿನೋವು ಎಲ್ಲ ಹೇಳಿಕೊಂಡು, ಪಂಕ್ಚರ್ ಆದಾಗ ತಮ್ಮ ಟ್ಯೂಬನ್ನೇ ಕೊಟ್ಟು, ಮುಂದಿನ ಏರಿನಲ್ಲಿ ಮಾಯವಾಗುತ್ತಾರೆ. ಕಾಯಿಸಿದ ಮುಜುಗರವಿಲ್ಲ, ಕಾಯುವ ಕಿರಿಕಿರಿಯಿಲ್ಲ. (ಮನೆಗೆ ಬಂದು ಸ್ಟ್ರಾವಾ ಆ್ಯಪ್ ತೆರೆದು ಯಾರು ಎಷ್ಟು ವೇಗದಲ್ಲಿ ಬಂದರೆಂದು ನೋಡುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ.)

ಆದರೆ ಮೈಸೂರಿನಿಂದ ಸುಮಾರು 80 ಕಿ.ಮೀ. ದೂರದ ತಿತಿಮತಿಯ ದಾರಿಯಲ್ಲಿ ಈ ಸ್ವಾತಂತ್ರ್ಯ ನಡೆಯುವುದಿಲ್ಲ. ಪಂಚವಳ್ಳಿ ದಾಟಿ ಆನೆಚೌಕೂರು ಗೇಟಿಗೆ ಬಂದರೆ ಮುಂದೆ ನಾಗರಹೊಳೆಯ ಕಾಡು. ಮತ್ತಿಗೋಡು ಆನೆ ಶಿಬಿರ ಇದೇ ರಸ್ತೆಯಲ್ಲಿದೆ. 2020ರಿಂದ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಅಭಿಮನ್ಯುವಿನ ಮನೆ ಅದು. ಶಿಬಿರದ ಆನೆಗೆ ಮಾವುತನಿದ್ದಾನೆ, ರಸ್ತೆ ದಾಟುವ ಆನೆಗೆ ಇಲ್ಲ. ಕಾರಿನವರಿಗೆ ತಗಡಿನ ಗೋಡೆಯಾದರೂ ಉಂಟು. ಸೈಕಲ್ಲಿನ ಗುಣವೇ ಇಲ್ಲಿ ದೋಷ: ಸದ್ದಿಲ್ಲದೆ ಬರುತ್ತದೆ, ತಿರುವಿನಲ್ಲಿ ಆನೆಗೂ ಸವಾರನಿಗೂ ಒಟ್ಟಿಗೇ ಗಾಬರಿ. ಏರಿನಲ್ಲಿ ತಿರುಗಿಸಿ ಓಡಿಸಲು ಸಮಯವೂ ಇಲ್ಲ.

ಹಾಗಾಗಿ ಗೇಟಿನ ಮುಂಚೆ ಎಲ್ಲರೂ ಸೇರುವ ತನಕ ಯಾರೂ ಕದಲಬಾರದು. ದೆಗ್ರಾಂಜ್‌ನ ಕ್ಯಾಪ್ಟನ್ ಇಲ್ಲಿ ಮರಳಿ ಬೇಕು, ಆದರೆ ಅತಿ ಬಲಿಷ್ಠನಲ್ಲ. ಗುಂಪಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರೇ ಮುಂದೆ ಇರಲಿ, ಗಟ್ಟಿಗರು ಬಾಲಕ್ಕೆ. ನೆರಳಿನಲ್ಲಿ ಕಾಣದ ಹಂಪ್‌ಗೆ ಮುಂದಿನವರು ಕೈ ತೋರಿಸಬೇಕು. ಪಂಕ್ಚರ್ ಆದರೆ ಒಬ್ಬರನ್ನೇ ಬಿಟ್ಟು ಹೋಗಬಾರದು, ಫೋಟೊಗೆಂದು ನಿಲ್ಲಬಾರದು. ಆನೆ ಕಂಡರೆ ದೂರದಲ್ಲೇ ನಿಂತು, ಹಿಂದೆ ಬರುವ ಬಸ್ಸಿನವರಿಗೋ ಲಾರಿಯವರಿಗೋ ಹೇಳಿ ಅವರ ಮರೆಯಲ್ಲಿ ದಾಟುವುದು. ಸರಾಸರಿ ವೇಗದ ಲೆಕ್ಕ ಆ ಹೊತ್ತಿಗೆ ಬೇಡ.

ತಿತಿಮತಿ ಬಂದರೆ ಕಾಡು ಮುಗಿಯಿತೆಂದು ಉಸಿರು ಬಿಡುವವರು ಊರಿನವರಲ್ಲ. ಇಲ್ಲಿನ ಆನೆಗಳಿಗೆ ರೊಬಸ್ಟಾ ಕಾಫಿ ತೋಟವೂ ಕಾಡೇ. ತೋಟದಲ್ಲೇ ಹಗಲು ಕಳೆಯುವ ಹಿಂಡುಗಳಿವೆ, ಕೆಲಸಕ್ಕೆ ಹೋದ ಕಾರ್ಮಿಕರು ಆನೆ ತುಳಿತಕ್ಕೆ ಬಲಿಯಾಗಿದ್ದಾರೆ. ಅಂಥ ಊರಿನ ಚಹಾದಂಗಡಿಯಲ್ಲಿ ನಿಂತು ‘ಅಯ್ಯೋ, ಒಂದೂ ಆನೆ ಕಾಣಲಿಲ್ಲ’ ಎಂದು ಗಟ್ಟಿಯಾಗಿ ಹಲುಬುವುದು ಒರಟುತನ. ಅಲ್ಲಿಂದ ಗೋಣಿಕೊಪ್ಪದವರೆಗೆ ಸಣ್ಣ ಸಣ್ಣ ಏರಿಳಿತ. ಮಾರ್ಚ್‌ನಲ್ಲಿ ಹೂಮಳೆ ಬಿದ್ದ ವಾರವಾದರೆ ತೋಟಗಳೆಲ್ಲ ಬೆಳ್ಳಗೆ ಅರಳಿ ಘಮ್ಮೆನ್ನುತ್ತವೆ. ಮುಂದೆ ಓಡುವ ನಾಲ್ವರೂ ಅಲ್ಲಿ ತಾವಾಗಿಯೇ ನಿಧಾನ ಮಾಡುತ್ತಾರೆ.

ಗೋಣಿಕೊಪ್ಪದಲ್ಲಿ ಕಡಂಬುಟ್ಟು, ಪಂದಿಕರಿ ಮುಂದೆ ಕುಳಿತ ಮೇಲೆ ದಿನದ ಎರಡನೇ ಜಗಳ. ಕತ್ತಲಾಗುವ ಮುಂಚೆ ವಾಪಸು ಕಾಡು ದಾಟಬೇಕೆಂದರೆ ಊಟ ಮುಗಿಸಿ ತಕ್ಷಣ ಏಳಬೇಕು. ಅರ್ಧ ಗುಂಪಿಗೆ ನಿದ್ದೆ, ಇನ್ನರ್ಧಕ್ಕೆ ವಿರಾಜಪೇಟೆ ಮುಟ್ಟಿ ಇನ್ನೂರು ಕಿ.ಮೀ.ಗಳ ಲೆಕ್ಕ ಪೂರೈಸುವ ಹುಚ್ಚು. ಸಂಜೆಗೆ ತಿತಿಮತಿಯಲ್ಲೇ ಉಳಿದವರಿಗೆ ಪಿಕಪ್ ಗಾಡಿ ಹಿಡಿದು ಸೈಕಲ್ ಹೇರಿಕೊಳ್ಳುವುದೇ ದಾರಿ. ಬಿಆರ್‌ಎಂ ಆಗಿದ್ದರೆ ಅಲ್ಲಿಗೆ ಕಾರ್ಡ್ ರದ್ದು. ಗಾಡಿ ಹತ್ತಲು ಒಲ್ಲೆ ಎನ್ನುವವರು ಸಾಮಾನ್ಯವಾಗಿ ಬೆಳಿಗ್ಗೆ ಬಿಳಿಕೆರೆಯಲ್ಲಿ ಕಣ್ಮರೆಯಾದವರೇ. ಅವರನ್ನು ಒಪ್ಪಿಸುವಷ್ಟರಲ್ಲಿ ಗಾಡಿಯವನು ಬಾಡಿಗೆ ಇನ್ನೂರು ಏರಿಸಿರುತ್ತಾನೆ.