ಗೇರು ತಾನೇ ಬೀಳುವ ಕಾರು ಹಟ ಹಿಡಿದರೆ?

ಕಾರಿನ ವಿಷಯ ಎಂದೊಡನೆ ‘ಅದು ಗಂಡಸರ ಬಾಬತ್ತು’ ಎಂದು ಪುಟ ತಿರುವಿ ಹಪ್ಪಳ-ಸಂಡಿಗೆಯ ಕಡೆ ಹೋಗಬೇಡಿ, ಸೋದರಿಯರೇ. ಹಪ್ಪಳ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಮನೆಯ ಮುಂದೆ ನಿಂತ ಕಾರು ಬೇಕಾದ ಹೊತ್ತಿಗೆ ಮುಂದೆ ಹೋಗದಿದ್ದರೆ, ಮನೆಯಲ್ಲಿ ಕೂಡಿಟ್ಟ ಹಣ ಮಾತ್ರ ಎಲ್ಲಿಗೋ ಓಡಿಹೋಗುತ್ತದೆ. ಅದಕ್ಕಾಗಿಯೇ ಈ ನಾಲ್ಕು ಮಾತು.

ನಮ್ಮ ವನದುರ್ಗದಂಥ ಊರಿನಲ್ಲಿಯೂ ಈಗ ಕ್ಲಚ್ ಇಲ್ಲದ ಕಾರುಗಳು ಕಾಣುತ್ತಿವೆ. ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದು ಹೊಸ ಕಾರು ಕೊಂಡ ಮೇಲೆ ಹಳೆಯದನ್ನು ಊರಿಗೆ ಕಳಿಸುತ್ತಾನೆ. ಇಲ್ಲವೇ ಯಜಮಾನರಿಗೆ ಮಂಡಿನೋವು, ಎಡಗಾಲಿನಿಂದ ಕ್ಲಚ್ ತುಳಿಯಲು ಆಗದು ಎಂದು ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ತರುತ್ತಾರೆ. ಸ್ಕೂಟಿ ಓಡಿಸಿ ರೂಢಿಯಿದ್ದ ನಮ್ಮಂಥವರಿಗೆ ಅದು ಬೇಗ ಕೈಗೆ ಹತ್ತುತ್ತದೆ. ಹತ್ತಲೇಬೇಕು, ಏಕೆಂದರೆ ಗೇರಿಲ್ಲದ ಸ್ಕೂಟರಿನೊಳಗೆ ಇರುವುದೂ ಇದೇ ಜಾತಿಯ ಯಂತ್ರವೇ. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ‘ಗೇರಿಲ್ಲದ ಗಾಡಿಯಂತೆ!’ ಎಂದು ಜನ ಬೆರಗಾಗಿದ್ದರು. ಅದರಲ್ಲಿ ಒಂದು ಬೆಲ್ಟು, ಎರಡು ಪುಲ್ಲಿ. ವೇಗ ಏರಿದಂತೆ ಪುಲ್ಲಿಗಳ ಅಗಲ ಬದಲಾಗಿ ಬೆಲ್ಟು ಮೇಲೆ ಕೆಳಗೆ ಸರಿಯುತ್ತದೆ. ಕಾರಿನಲ್ಲಿ ಇದನ್ನೇ ಸಿ.ವಿ.ಟಿ. ಎನ್ನುತ್ತಾರೆ. ಅಲ್ಲಿ ಬೆಲ್ಟು ರಬ್ಬರಿನದಲ್ಲ, ಉಕ್ಕಿನದು, ಅಷ್ಟೆ.

ಎರಡನೆಯ ಬಗೆ ಹಳೆಯದು. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ತನ್ನ 1940ರ ಕಾರುಗಳಿಗೆ ಕೂಡಿಸಿದ ಹೈಡ್ರಾಮ್ಯಾಟಿಕ್‌ನಿಂದ ಹಿಡಿದು ಈ ಬಗೆಯಲ್ಲಿ ಎಣ್ಣೆಯೇ ಯಜಮಾನ. ಈಗಿನವುಗಳಲ್ಲಿ ಟಾರ್ಕ್ ಕನ್ವರ್ಟರ್ ಎಂಬ ದೊಡ್ಡ ಡಬ್ಬಿಯೊಳಗೆ ಎಣ್ಣೆ ಗಿರಗಿರನೆ ತಿರುಗಿ ಎಂಜಿನ್ನಿನ ಶಕ್ತಿಯನ್ನು ಗೇರುಗಳಿಗೆ ದಾಟಿಸುತ್ತದೆ. ಮೂರನೆಯದು ನಮ್ಮ ಕಡೆ ಹೆಚ್ಚು ಕಾಣುವ ಎ.ಎಂ.ಟಿ. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ ಜೊತೆಗೆ ಇದು ನಮ್ಮ ದೇಶದ ಸಣ್ಣ ಕಾರುಗಳಿಗೆ ಬಂತು. ಹೆಸರಿಗೆ ಆಟೊಮ್ಯಾಟಿಕ್, ಒಳಗೆ ಮಾತ್ರ ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ನಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಒಂದು ಪುಟ್ಟ ಕಂಪ್ಯೂಟರು, ಒಂದು ಪಂಪು ಸೇರಿ ಮಾಡುತ್ತವೆ. ನಡುವೆ ಹೇಳಿಬಿಡುತ್ತೇನೆ, 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗಿ ಬಂದ ರೇವಾ ಎಂಬ ವಿದ್ಯುತ್ ಕಾರಿಗೆ ಬದಲಾಯಿಸುವ ಗೇರೇ ಇರಲಿಲ್ಲ. ಗೇರಿಲ್ಲದ ಮೇಲೆ ಅದರ ಜಗಳವೂ ಇಲ್ಲ!

ನಿಮ್ಮ ಮನೆಯ ಕಾರು ಈ ಮೂರರಲ್ಲಿ ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಗುರುತು ಇನ್ನೂ ಸುಲಭ: ಗೇರ್ ಕೋಲಿನ ಪಕ್ಕ ‘ಪಿ’ ಅಕ್ಷರವಿಲ್ಲದೆ ಆರ್, ಎನ್, ಡಿ ಮಾತ್ರ ಇದ್ದರೆ ಬಹುತೇಕ ಅದು ಎ.ಎಂ.ಟಿ.

ಹಟವೋ, ಸ್ವಭಾವವೋ?

ಎ.ಎಂ.ಟಿ. ಕಾರು ಗೇರು ಬದಲಿಸುವಾಗ ತಲೆ ತೂಗಿದಂತೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡಿಸುತ್ತದೆ. ಹೊಸದಾಗಿ ಓಡಿಸುವವರು ಇದನ್ನೇ ದೊಡ್ಡ ರೋಗವೆಂದು ತಿಳಿದು ಗ್ಯಾರೇಜಿಗೆ ಓಡುತ್ತಾರೆ. ಅದು ರೋಗವಲ್ಲ, ಅದರ ಸ್ವಭಾವ. ಕ್ಲಚ್ಚು ಬಿಡಿಸಿ, ಗೇರು ಬದಲಿಸಿ, ಮತ್ತೆ ಕೂಡಿಸಲು ಅದಕ್ಕೆ ಅರೆಗಳಿಗೆ ಬೇಕು. ಗೇರು ಬೀಳುವ ಹೊತ್ತಿಗೆ ಆಕ್ಸಿಲರೇಟರಿನಿಂದ ಕಾಲು ಚೂರು ಸಡಿಲಿಸಿ ನೋಡಿ, ಆ ತೂಗಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಾಲ್ಕು ದಿನ ಓಡಿಸಿದರೆ ಕಾಲಿಗೆ ತಾನೇ ತಿಳಿಯುತ್ತದೆ, ರೊಟ್ಟಿ ಬಡಿಯುವ ಕೈಗೆ ಹದ ತಿಳಿದ ಹಾಗೆ.

ಆದರೆ ನಿನ್ನೆಯವರೆಗೆ ಮೆತ್ತಗೆ ಹೋಗುತ್ತಿದ್ದ ಕಾರು ಇವತ್ತು ಜಗ್ಗಿದರೆ, ಡಿಗೆ ಹಾಕಿದ ಮೇಲೆ ಎರಡು-ಮೂರು ಸೆಕೆಂಡು ಸುಮ್ಮನಿದ್ದು ಆಮೇಲೆ ‘ದಡ್’ ಎಂದು ಹೊರಟರೆ, ಎಂಜಿನ್ ಕೂಗುತ್ತಿದ್ದರೂ ವೇಗ ಏರದಿದ್ದರೆ, ಇವು ಸ್ವಭಾವವಲ್ಲ. ಅಂದೇ ತೋರಿಸಬೇಕು.

ಮೊದಲು ಬ್ಯಾಟರಿ, ಆಮೇಲೆ ಗೇರ್‌ಬಾಕ್ಸು

ನಮ್ಮ ಮನೆಯದೇ ಒಂದು ಮಾತು. ಅತ್ತೆಯವರ ಕಣ್ಣಿನ ಆಪರೇಷನ್ನಿಗೆ ಕಲಬುರಗಿಗೆ ಹೊರಡಬೇಕಾದ ದಿನ. ಎರಡು ಸಲ ಕೀಲಿ ತಿರುವಿದ ಮೇಲೆ ಎಂಜಿನ್ ಹತ್ತಿತು, ಆದರೆ ಡಿಗೆ ಹಾಕಿದರೆ ಗೇರು ಬೀಳಲೊಲ್ಲದು. ಮೀಟರಿನಲ್ಲಿ ‘ಎನ್’ ಅಕ್ಷರ ಮಿಣಿಮಿಣಿ ಮಿನುಗುತ್ತಿತ್ತು. ಅತ್ತೆಯವರನ್ನು ಬಸ್ಸಿನಲ್ಲಿ ಕರೆದೊಯ್ದೆವು, ಅದಿರಲಿ. ಕಾರನ್ನು ನೋಡಿದ ಮೊದಲ ಗ್ಯಾರೇಜಿನವನು ಬಾನೆಟ್ಟನ್ನು ಸರಿಯಾಗಿ ತೆಗೆಯದೆಯೇ, “ಗೇರ್‌ಬಾಕ್ಸೇ ಹೋಗ್ಯಾದ್ರೀ ಅಕ್ಕಾ, ಪೂರಾ ಬದ್ಲಿ ಮಾಡ್ಬೇಕು, ಲಕ್ಷದ ಸನೀಪ ಆಗ್ತದ” ಎಂದ. ಲಕ್ಷವೆಂದರೆ ನಮಗೆ ಒಂದು ಬೆಳೆಯ ಹತ್ತಿ. ನಮ್ಮವರು ‘ಮಾಡಿಸಿಬಿಡೋಣ’ ಎನ್ನುವವರೆಗೂ ಬಂದಿದ್ದರು. ನಾನು ಬಿಡಲಿಲ್ಲ. ಬ್ಯಾಟರಿ ಕೆಲಸ ಮಾಡುವ ಒಬ್ಬ ಹುಡುಗನನ್ನು ಕರೆಸಿದೆವು. ಅವನು ನೋಡಿದವನೇ, “ವೈನೀ, ಇದರ ತಂತಿನೇ ಸಡ್ಲ ಅದ ನೋಡ್ರೀ” ಎಂದು ನಕ್ಕ. ಬ್ಯಾಟರಿಯ ಮೈನಸ್ ಕೊಂಡಿಯ ಸುತ್ತ ಬಿಳಿ-ಹಸಿರು ಪುಡಿ ಹೂವಿನಂತೆ ಅರಳಿತ್ತು. ತಿಕ್ಕಿ, ಬಿಗಿದ. ಗೇರು ಬಿತ್ತು. ಅವನು ಕೇಳಿದ್ದು ಇನ್ನೂರು ರೂಪಾಯಿ.

ಇದರ ಕಾರಣ ಸರಳ. ಎ.ಎಂ.ಟಿ.ಯ ಪಂಪು, ಕಂಪ್ಯೂಟರು ಎಲ್ಲ ನಡೆಯುವುದು ಬ್ಯಾಟರಿಯ ಮೇಲೆ. ಕರೆಂಟು ಕಡಿಮೆಯಾದರೆ ಪಂಪಿಗೆ ಕ್ಲಚ್ಚು ಒತ್ತುವ ಶಕ್ತಿ ಇರದು, ಗೇರು ಬೀಳದು. ಆದ್ದರಿಂದ ಯಾರಾದರೂ ‘ಗೇರ್‌ಬಾಕ್ಸ್ ಹೋಗಿದೆ’ ಎಂದರೆ ಮೊದಲು ಬ್ಯಾಟರಿಗೆ ಮೀಟರ್ ಹಿಡಿಸಿ. ಎಂಜಿನ್ ಬಂದಾಗಿದ್ದಾಗ ಸುಮಾರು 12.4ರಿಂದ 12.6 ವೋಲ್ಟು, ಎಂಜಿನ್ ಓಡುವಾಗ 13.5ರಿಂದ 14.5 ವೋಲ್ಟು ಇರಬೇಕು. ಓಡುವಾಗಲೂ 12ರಲ್ಲೇ ನಿಂತಿದ್ದರೆ ಚಾರ್ಜೇ ಆಗುತ್ತಿಲ್ಲ ಎಂದರ್ಥ. ಕೊಂಡಿಯ ಪುಡಿ ತೆಗೆಯಲು ನಮ್ಮ ಅಡುಗೆ ಸೋಡಾ ಕಲಸಿದ ಬಿಸಿನೀರು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಎಂಜಿನ್ ಬಂದ್ ಮಾಡಿ, ಮೊದಲು ಮೈನಸ್ ಕೊಂಡಿ ಬಿಚ್ಚಬೇಕು, ಕೂಡಿಸುವಾಗ ಅದನ್ನು ಕೊನೆಗೆ. ಆ ಪುಡಿ ಬರಿಗೈಗೆ ತಾಗಬಾರದು. ಬ್ಯಾಟರಿ ಬಿಚ್ಚಿ ಕೂಡಿಸಿದ ಮೇಲೆ ಕೆಲವು ಕಾರುಗಳು ಸ್ವಲ್ಪ ಹೊತ್ತು ಒರಟಾಗಿ ಗೇರು ಬದಲಿಸುತ್ತವೆ. ಅದು ಹಾಗೆಯೇ ಉಳಿದರೆ ಕಂಪನಿಯ ಸರ್ವಿಸ್‌ನಲ್ಲಿ ಕಂಪ್ಯೂಟರ್ ಹಚ್ಚಿ ಕ್ಲಚ್ಚಿನ ಅಳತೆಯನ್ನು ಹೊಸದಾಗಿ ಕಲಿಸಿಕೊಡುತ್ತಾರೆ.

ಆ ಕಂಪ್ಯೂಟರಿನ ಮಾತು ಬಂತು. ಮೀಟರಿನಲ್ಲಿ ಹಳದಿ ದೀಪ ಹೊತ್ತಿದ್ದರೆ, ಯಾವ ದೋಷ ಎಂಬುದರ ಸಂಖ್ಯೆ ಕಾರಿನೊಳಗೆ ದಾಖಲಾಗಿರುತ್ತದೆ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಯಂತ್ರ ಚುಚ್ಚಿ ಅದನ್ನು ಓದಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆಮೇಲೆ ಬೇಕಿದ್ದರೆ ಗೇರ್‌ಬಾಕ್ಸಿಗೆ ಕೈ ಹಾಕಲಿ. ಸಂಖ್ಯೆ ಓದದೆಯೇ ‘ಬಿಚ್ಚೋಣ’ ಎನ್ನುವ ಗ್ಯಾರೇಜು ನನಗಂತೂ ಬೇಡ.

ಕೋಲು ‘ಪಿ’ಯಿಂದ ಅಲುಗದಿದ್ದರೆ

ಸುರಪುರದಲ್ಲಿರುವ ನನ್ನ ತಂಗಿಯ ಕಾರು ಸಿ.ವಿ.ಟಿ. ಒಂದು ಬೆಳಿಗ್ಗೆ ಗೇರ್ ಕೋಲು ‘ಪಿ’ಯಲ್ಲಿ ಕಚ್ಚಿ ಕೂತಿತು. ಫೋನಿನಲ್ಲಿ ಅವಳ ಗೋಳು ಕೇಳಬೇಕು! “ಬ್ರೇಕ್ ತುಳಿದಾಗ ಹಿಂದಿನ ಕೆಂಪು ದೀಪ ಹತ್ತುತದೇನು, ಮಗನಿಗೆ ನೋಡಂತ ಹೇಳವ್ವ” ಎಂದೆ. ಹತ್ತುತ್ತಿರಲಿಲ್ಲ. ಈ ಕಾರುಗಳಲ್ಲಿ ಬ್ರೇಕ್ ತುಳಿದಿದ್ದಾರೆ ಎಂದು ಗೊತ್ತಾದರೆ ಮಾತ್ರ ಕೋಲಿನ ಬೀಗ ತೆರೆಯುತ್ತದೆ. ಅದನ್ನು ತಿಳಿಸುವುದು ಬ್ರೇಕ್ ಪೆಡಲಿನ ಬಳಿಯ ಪುಟ್ಟ ಸ್ವಿಚ್ಚು. ಅದೋ, ಅದರ ಫ್ಯೂಸೋ ಕೆಟ್ಟರೆ ದೀಪವೂ ಇಲ್ಲ, ಕೋಲೂ ಅಲುಗದು. ರಿಪೇರಿ ಸಣ್ಣದು. ಅಲ್ಲಿಯವರೆಗೆ ದಾರಿಯೂ ಉಂಟು: ಹಲವು ಕಾರುಗಳಲ್ಲಿ ಕೋಲಿನ ಪಕ್ಕ ಚಿಕ್ಕ ಮುಚ್ಚಳ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಮುಚ್ಚಳ ತೆಗೆದು ಒಳಗಿನ ಗುಂಡಿಯನ್ನು ಒತ್ತಿ ಹಿಡಿದರೆ ಕೋಲು ಬಿಡುತ್ತದೆ. ಹಾಗೆ ಬಿಡಿಸಿಕೊಂಡು ಗ್ಯಾರೇಜಿಗೆ ಹೋಗುವಾಗ ಹಿಂದಿನವರಿಗೆ ನಿಮ್ಮ ಬ್ರೇಕ್ ದೀಪ ಕಾಣುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಎಣ್ಣೆಯ ಬಣ್ಣ, ಎಣ್ಣೆಯ ವಾಸನೆ

ಕರಿದ ಎಣ್ಣೆಯನ್ನು ನೋಡಿ, ಮೂಸಿ ಬದಲಿಸುವವರು ನಾವು. ಗೇರಿನ ಎಣ್ಣೆಗೂ ಅದೇ ಕಣ್ಣು, ಅದೇ ಮೂಗು ಸಾಕು. ಟಾರ್ಕ್ ಕನ್ವರ್ಟರ್ ಕಾರಿನ ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ಕಂದಾಗಿ ಕಪ್ಪಿಗೆ ತಿರುಗಿ ಸುಟ್ಟ ವಾಸನೆ ಬಂದರೆ ಅದರ ಆಯುಷ್ಯ ಮುಗಿಯಿತು. ಬೆಳಿಗ್ಗೆ ಅಂಗಳ ಗುಡಿಸುವಾಗ ಕಾರಿನ ಕೆಳಗೆ ನೋಡಿ. ತಿಳಿನೀರಿನ ಹನಿ ಏ.ಸಿ.ಯದು, ಹೆದರಬೇಡಿ. ಜಿಡ್ಡಿನ ಕಲೆ ಇದ್ದರೆ ಅದು ಸೋರಿಕೆ. ಎಣ್ಣೆ ಕಡಿಮೆಯಾದರೆ ಒತ್ತಡ ಸಾಲದೆ ಗೇರು ತಡವಾಗಿ ಬೀಳುತ್ತದೆ, ಜಾರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಿ.ವಿ.ಟಿ.ಗೆ ಸಿ.ವಿ.ಟಿ.ಯ ಎಣ್ಣೆಯೇ ಬೇಕು. ‘ಎಲ್ಲಾ ಒಂದೇ ಅದಾವ’ ಎಂದು ಅಂಗಡಿಯವನು ಬೇರೆ ಡಬ್ಬಿ ಕೊಟ್ಟರೆ ತರಬೇಡಿ, ಬೆಲ್ಟು ಜಾರಿ ಪುಲ್ಲಿ ಸವೆಯುತ್ತದೆ. ಪುಸ್ತಕದಲ್ಲಿರುವ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಎ.ಎಂ.ಟಿ.ಯಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬೇರೆ, ಪಂಪಿನ ಪುಟ್ಟ ಡಬ್ಬಿಯ ಎಣ್ಣೆ ಬೇರೆ. ಎರಡನ್ನೂ ನೋಡಿಸಬೇಕು. ಸರ್ವಿಸ್ ಮಾಡುವ ಹುಡುಗರು ಆ ಪುಟ್ಟ ಡಬ್ಬಿಯನ್ನು ಎಷ್ಟೋ ಸಲ ಮರೆತೇಬಿಡುತ್ತಾರೆ.

ನಮ್ಮ ಬಿಸಿಲು, ನಮ್ಮ ಏರಿ

ಯಾದಗಿರಿ ಸೀಮೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಗೇರ್‌ಬಾಕ್ಸಿನ ದೊಡ್ಡ ವೈರಿ ಶಾಖವೇ. ಕಾಲುವೆಯ ಏರಿ ಹತ್ತುವಾಗ ಎದುರಿಗೆ ಭತ್ತದ ಟ್ರ್ಯಾಕ್ಟರ್ ಬಂತೆನ್ನಿ, ಕಾರು ಹಿಂದೆ ಜಾರಬಾರದೆಂದು ಕೆಲವರು ಆಕ್ಸಿಲರೇಟರ್ ಚೂರು ಒತ್ತಿಯೇ ನಿಲ್ಲಿಸುತ್ತಾರೆ. ಎ.ಎಂ.ಟಿ.ಗೆ ಇದು ವಿಷ. ಕ್ಲಚ್ಚು ಅರೆ ಹಿಡಿದು ಅರೆ ಬಿಟ್ಟು ಉಜ್ಜುತ್ತಲೇ ಇರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ. ಬ್ರೇಕ್ ತುಳಿದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಆಕ್ಸಿಲರೇಟರ್ ಕೊಟ್ಟು, ಕಾರು ಮುಂದಕ್ಕೆ ತುಯ್ದಂತೆ ಅನಿಸಿದಾಗ ಹ್ಯಾಂಡ್‌ಬ್ರೇಕ್ ಬಿಡಿ. ಶಾಖದ ದೀಪ ಹೊತ್ತಿದರೆ ನೆರಳಿಗೆ ಒಯ್ದು ನಿಲ್ಲಿಸಿ, ಕಾಲು ಗಂಟೆಯೋ ಅರ್ಧ ಗಂಟೆಯೋ ಸುಮ್ಮನಿರಿ. ನೀರು ಸುರಿಯಬೇಡಿ.

ಮುಂದಕ್ಕೆ ಹೋಗುತ್ತಿರುವಾಗಲೇ ಆರ್‌ಗೆ ಹಾಕುವುದು, ಇಳಿಜಾರಿನಲ್ಲಿ ಪೆಟ್ರೋಲ್ ಉಳಿತಾಯವೆಂದು ಎನ್‌ಗೆ ಹಾಕಿ ಬಿಡುವುದು, ಎರಡೂ ಬೇಡ. ಎಡಗಾಲಿಗೆ ಇಲ್ಲಿ ಕೆಲಸವಿಲ್ಲ, ಅದನ್ನು ಮಡಚಿ ಪಕ್ಕಕ್ಕಿಡಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ.

ನಡುದಾರಿಯಲ್ಲಿ ನಿಂತೇಬಿಟ್ಟರೆ

ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ತೆವಳುತ್ತಿದ್ದರೆ, ಅದು ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಬದಿಗೆ ನಿಲ್ಲಿಸಿ, ಎನ್ ಅಥವಾ ಪಿಗೆ ತಂದು, ಎಂಜಿನ್ ಬಂದ್ ಮಾಡಿ, ಐದು ನಿಮಿಷ ಬಿಟ್ಟು ಬ್ರೇಕ್ ತುಳಿದು ಮತ್ತೆ ಹಚ್ಚಿ ನೋಡಿ. ಕೆಲವೊಮ್ಮೆ ಅಷ್ಟರಲ್ಲೇ ಸರಿಹೋಗುತ್ತದೆ. ಸರಿಹೋದರೂ ಗ್ಯಾರೇಜಿಗೆ ಹೋಗುವುದನ್ನು ತಪ್ಪಿಸಬೇಡಿ.

ನಿಂತ ಕಾರನ್ನು ನೋಡಿ ದಾರಿಹೋಕರು “ದಬ್ಬೋಣ್ರೀ, ಸ್ಟಾರ್ಟ್ ಆಗ್ತದ” ಎಂದು ಸೀರೆ-ಧೋತರ ಎತ್ತಿ ಕಟ್ಟುತ್ತಾರೆ. ಪಾಪ, ಒಳ್ಳೆಯ ಮನಸ್ಸು. ಆದರೆ ಇವು ದಬ್ಬಿದರೆ ಹತ್ತುವ ಗಾಡಿಗಳಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದಂತೂ ಟಾರ್ಕ್ ಕನ್ವರ್ಟರ್, ಸಿ.ವಿ.ಟಿ. ಕಾರುಗಳಿಗೆ ಆಗದು. ಎಂಜಿನ್ ನಿಂತಾಗ ಒಳಗಿನ ಎಣ್ಣೆಯ ಪಂಪೂ ನಿಂತಿರುತ್ತದೆ, ಚಕ್ರ ಉರುಳಿದಂತೆ ಗೇರುಗಳು ಒಣಗಿಯೇ ಉಜ್ಜುತ್ತವೆ. ಮುಂದಿನ ಚಕ್ರದಿಂದ ನಡೆಯುವ ಕಾರಾದರೆ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಒಯ್ಯಬೇಕು, ಇಲ್ಲವೇ ಇಡೀ ಕಾರನ್ನು ಲಾರಿಯ ಮೇಲೇರಿಸಬೇಕು. ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಈ ಸೌಲಭ್ಯ ಇರುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚು ಹಣ ಕಟ್ಟಿರಬೇಕು. ನಿಮ್ಮದರಲ್ಲಿ ಇದೆಯೇ ಎಂದು ಇವತ್ತೇ ಕಪಾಟಿನಿಂದ ಕಾಗದ ತೆಗೆದು ನೋಡಿ, ಇದ್ದರೆ ಆ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಾರಿನ ಡಬ್ಬಿಯಲ್ಲಿಡಿ.