ರತ್ನಗಂಬಳಿ ತೊಳೆಯುವುದೂ ಒಂದು ವಿದ್ಯೆ

ಮನೆಯ ಜಮಖಾನ ಕೊಳೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎತ್ತಿ ಕೊಡವಿ, ಕೋಲಿನಿಂದ ನಾಲ್ಕೇಟು ಬಡಿದು, ಒಗೆದು ಬಿಸಿಲಿಗೆ ಹರವಿದರಾಯಿತು. ಆದರೆ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಗೋಡೆಯಿಂದ ಗೋಡೆಗೆ ಹಾಸಿ, ನೆಲಕ್ಕೆ ಅಂಟಿಸಿದ ಕಾರ್ಪೆಟ್ಟನ್ನು ಎತ್ತುವುದೆಂತು, ಬಿಸಿಲಿಗೆ ಹಾಕುವುದೆಂತು? ಬಡಿಯುವುದು, ಒಗೆಯುವುದು, ಹಿಂಡುವುದು ಎಲ್ಲವೂ ಇದ್ದಲ್ಲಿಯೇ ಆಗಬೇಕು. ಕಾರ್ಪೆಟ್ ತೊಳೆಯುವ ಯಂತ್ರ ಇರುವುದು ಇದಕ್ಕಾಗಿಯೇ.

ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಈ ಯಂತ್ರದ ಪರಿಚಯವಾಗುವುದು ಹೌಸ್‌ಕೀಪಿಂಗ್ ವಿಭಾಗದಲ್ಲಿ. ಅಡುಗೆ, ಊಟೋಪಚಾರ, ಫ್ರಂಟ್ ಆಫೀಸ್‌ಗಳ ಜೊತೆಗೆ ಈ ಶಿಕ್ಷಣದ ಮುಖ್ಯ ವಿಭಾಗಗಳಲ್ಲಿ ಇದೂ ಒಂದು. 'ಇಷ್ಟು ಫೀಸು ಕಟ್ಟಿ ಓದಿಸಿದ್ದು ನೆಲ ತೊಳೆಯಲಿಕ್ಕೇ?' ಎಂದು ನೊಂದುಕೊಳ್ಳುವ ತಂದೆತಾಯಿಯರುಂಟು. ಆದರೆ ಪಿಯುಸಿಯಲ್ಲಿ ಕಲಿತ ಭೌತಶಾಸ್ತ್ರ, ರಸಾಯನಶಾಸ್ತ್ರಗಳೆರಡೂ ಕೈಕೆಲಸಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು ಎಂಬುದು ಹಲವರಿಗೆ ತಿಳಿದಿಲ್ಲ.

ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್‌ನ ಕಾಲದಲ್ಲಿ ದೂಳನ್ನು ಊದಿ ಹಾರಿಸುವ ಯಂತ್ರಗಳಿದ್ದವು. ಊದುವ ಬದಲು ಹೀರಿದರೇನು ಎಂದು ಯೋಚಿಸಿದ ಆತ 1901ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಇಂದಿನ ಕಾರ್ಪೆಟ್ ಯಂತ್ರದ ಜೀವಾಳವೂ ಈ ಹೀರುವ ಗುಣವೇ. ಇದರಲ್ಲಿ ಎರಡು ತೊಟ್ಟಿಗಳು. ಒಂದರಲ್ಲಿರುವ ಶುದ್ಧ ನೀರು ಒತ್ತಡದಿಂದ ಎಳೆಗಳೊಳಗೆ ಚಿಮ್ಮುತ್ತದೆ. ಮರುಕ್ಷಣವೇ ಹೀರಲ್ಪಟ್ಟ ಕೊಳೆನೀರು ಇನ್ನೊಂದನ್ನು ಸೇರುತ್ತದೆ.

ಹೊಸಬರು ಮಾಡುವ ಮೊದಲ ತಪ್ಪೆಂದರೆ ನೇರವಾಗಿ ನೀರು ಹಾಕುವುದು. ಕಾರ್ಪೆಟ್ಟಿನಲ್ಲಿರುವ ಕೊಳೆಯ ಬಹುಪಾಲು ಒಣ ಮಣ್ಣು. ಅದಕ್ಕೆ ನೀರು ಬಿದ್ದರೆ ಕೆಸರಾಗುತ್ತದೆ. ಆದ್ದರಿಂದ ಮೊದಲು ವ್ಯಾಕ್ಯೂಮ್ ಕ್ಲೀನರ್‌ನಿಂದ ದೂಳು ತೆಗೆಯಬೇಕು. ನಂತರ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ ದ್ರಾವಣ ಹಚ್ಚಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ನೈಲಾನ್ ತಡೆದುಕೊಳ್ಳುವ ಬಿಸಿಯನ್ನೂ ಕ್ಷಾರವನ್ನೂ ಉಣ್ಣೆ ತಡೆಯದು.

ಎರಡನೆಯ ತಪ್ಪು ಆತುರ. ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಶುಚಿತ್ವದ ಕೆಲಸವನ್ನು ಒಂದು ವೃತ್ತವಾಗಿ ವಿವರಿಸಿದ. ರಾಸಾಯನಿಕ, ಉಜ್ಜುವಿಕೆ, ಬಿಸಿ, ಸಮಯ ಇವು ಅದರ ನಾಲ್ಕು ಪಾಲುಗಳು. ಒಂದು ಕಡಿಮೆಯಾದರೆ ಉಳಿದವು ಹೆಚ್ಚಬೇಕು. ದ್ರಾವಣ ಸಿಂಪಡಿಸಿ ಡಬ್ಬಿಯ ಮೇಲೆ ಸೂಚಿಸಿದಷ್ಟು ನಿಮಿಷ ಕಾದರೆ, ಉಜ್ಜುವ ಶ್ರಮ ಅಷ್ಟು ಉಳಿಯುತ್ತದೆ. ಆದರೆ ದ್ರಾವಣ ಅಲ್ಲೇ ಒಣಗಲು ಬಿಡಬಾರದು.

ಮೂರನೆಯದು ಸೋಪಿನ ಮೋಹ. ಹೆಚ್ಚು ನೊರೆ ಬಂದರೆ ಹೆಚ್ಚು ಶುಭ್ರ ಎಂಬುದು ಭ್ರಮೆ. ಎಳೆಗಳಲ್ಲಿ ಉಳಿದ ಸೋಪಿನ ಜಿಗುಟು ಮರುದಿನದಿಂದಲೇ ಹೊಸ ದೂಳನ್ನು ಹಿಡಿಯುತ್ತದೆ. ತೊಟ್ಟಿಯಲ್ಲಿ ಉಕ್ಕಿದ ನೊರೆ ಮೋಟಾರಿಗೆ ನುಗ್ಗಿದರೆ ಯಂತ್ರವೇ ಕೆಡಬಹುದು. ಅತಿಯಾದರೆ ಅಮೃತವೂ ವಿಷ ತಾನೆ?

ಕೆಲಸಗಾರನ ನೈಪುಣ್ಯ ತಿಳಿಯುವುದು ಒಣಗಿಸುವುದರಲ್ಲಿ. ಬಾಗಿಲಿಗೆ ದೂರವಿರುವ ಮೂಲೆಯಿಂದ ಆರಂಭಿಸಿ ಹಿಂದೆ ಹಿಂದೆ ಬರಬೇಕು. ಇಲ್ಲವಾದರೆ ತೊಳೆದದ್ದನ್ನೇ ತುಳಿಯಬೇಕಾಗುತ್ತದೆ. ಕೊಳವೆಯ ತುದಿಯ ಹಿಡಿಕೆಯನ್ನು ನಿಧಾನವಾಗಿ ತನ್ನತ್ತ ಎಳೆಯುತ್ತಾ ನೀರು ಬಿಡಬೇಕು. ಆಮೇಲೆ ನೀರು ನಿಲ್ಲಿಸಿ ಅದೇ ಪಟ್ಟಿಯ ಮೇಲೆ ಒಂದೆರಡು ಸಲ ಬರಿದೇ ಹೀರಿಸಬೇಕು. ಮುಂದಿನ ಪಟ್ಟಿ ಹಿಂದಿನದರ ಅಂಚನ್ನು ತುಸು ಮುಚ್ಚುವಂತಿರಬೇಕು. ಬೇಗ ಎಳೆದವನಿಗೆ ಒಂದು ಗಂಟೆ ಉಳಿಯಬಹುದು. ಆದರೆ ಬುಡದಲ್ಲಿ ಉಳಿದ ತೇವ ಕಮಟು ವಾಸನೆಗೂ ಬೂಷ್ಟಿಗೂ ದಾರಿ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಎಳೆಗಳು ಬುಡದ ಕೊಳೆಯನ್ನು ಮೇಲಕ್ಕೆ ತಂದು, ಹೋದ ಕಲೆ ಮತ್ತೆ ಮೂಡುವುದೂ ಉಂಟು. ಫ್ಯಾನು ಹಾಕಿ, ಕಿಟಕಿ ತೆರೆದರೆ ಕೆಲಸ ಪೂರ್ಣ.

ನೀರು, ವಿದ್ಯುತ್ತು ಎರಡೂ ಒಂದೆಡೆ ಇರುವುದರಿಂದ ವೈರು, ಪ್ಲಗ್ಗು, ಅರ್ಥಿಂಗ್ ನೋಡದೆ ಸ್ವಿಚ್ ಒತ್ತಬಾರದು. ಕೆಲಸ ಮುಗಿದ ಮೇಲೆ ಕೊಳೆನೀರಿನ ತೊಟ್ಟಿಯನ್ನು ತೊಳೆದು, ಮುಚ್ಚಳ ತೆರೆದಿಟ್ಟು ಆರಲು ಬಿಡಬೇಕು.

ನಾಳೆ ಮೇಲ್ವಿಚಾರಕರಾಗುವ ವಿದ್ಯಾರ್ಥಿಗಳು ಈ ಯಂತ್ರವನ್ನು ಇಂದು ಕೈಯಲ್ಲಿ ಹಿಡಿಯಲೇಬೇಕು. ಒಂದು ಸಭಾಂಗಣ ಒಣಗಲು ಎಷ್ಟು ಹೊತ್ತು ಬೇಕೆಂದು ಅರಿಯದವರು ಕೆಳಗಿನವರನ್ನು ಅವಸರಪಡಿಸುತ್ತಾರೆ. ಕೆಲಸ ಕೆಟ್ಟರೆ ಬೈಗುಳವೂ ಆ ಕೆಳಗಿನವರಿಗೇ. ತಾನೇ ಬೆವರು ಸುರಿಸಿ ಎಳೆದವರು ಹಾಗೆ ಮಾಡುವುದಿಲ್ಲ. ರಜೆಗೆ ಬಂದ ಮಗ ಅಥವಾ ಮಗಳು 'ಇವತ್ತು ಕಾರ್ಪೆಟ್ ತೊಳೆದೆ' ಎಂದರೆ ತಂದೆತಾಯಿಯರು ತಲೆ ತಗ್ಗಿಸಬೇಕಾಗಿಲ್ಲ. 'ಚೆನ್ನಾಗಿ ಒಣಗಿತೇ?' ಎಂದು ಕೇಳಿದರೆ ಸಾಕು.