ಎರಿ ಮಣ್ಣು, ಪೈಪು ಮತ್ತು ಪೇವರ್

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆ ಎರಿ ಜಾಗದಲ್ಲಿ ಎದ್ದಿರೋ ಕಮರ್ಷಿಯಲ್ ಕಾಂಪ್ಲೆಕ್ಸ್ ಮುಂದೆ ಹೋದ್ರೆ ಬಿಲ್ಡಿಂಗ್ ಬಿಟ್ಟು ಒಮ್ಮೆ ನೆಲ ನೋಡ್ರಿ. ಪಾರ್ಕಿಂಗ್ ಪೇವರ್ ಅಲೆ ಅಲೆಯಾಗಿ ಎದ್ದಿರಬಹುದು, ಮೆಟ್ಟಿಲು ಗೋಡೆಯಿಂದ ಬೆರಳಷ್ಟು ಸಂದು ಬಿಟ್ಟಿರಬಹುದು, ಚೇಂಬರ್ ಮುಚ್ಚಳ ವಾಲಿರಬಹುದು. "ಸಿಮೆಂಟ್ ಕಮ್ಮಿ ಹಾಕ್ಯಾರ" ಅಂತ ಬೈಯೋದು ಸುಲಭ. ಆದರೆ ಸಾಲ ಮಾಡಿ ಹತ್ತು ಮಳಿಗೆ ಕಟ್ಟಿಸಿದವನ ಶಟರ್ ಸಿಕ್ಕಿಕೊಳ್ಳೋಕೆ ಕಾರಣ ಬಹಳ ಸಲ ಸಿಮೆಂಟಿನ ಕೆಳಗಿರುತ್ತೆ.

ನಮ್ಮ ಕಡೆ ರೈತರು ಭೂಮಿನ ಎರಡು ಮಾತಲ್ಲಿ ಮುಗಿಸ್ತಾರೆ: ಮಸಾರಿ, ಎರಿ. ಮಸಾರಿ ಕೆಂಪು, ನೀರು ಬೇಗ ಬಸಿದು ಹೋಗುತ್ತೆ. ಎರಿಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಕ್ಲೇ ಖನಿಜ ಇದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಎಷ್ಟು ಉಬ್ಬುತ್ತೆ ಅಂತ ನೋಡೋ ಟೆಸ್ಟ್ ನಮ್ಮ ಲ್ಯಾಬ್‌ನಲ್ಲೇ ಆಗುತ್ತೆ. 425 ಮೈಕ್ರಾನ್ ಜರಡಿ ದಾಟಿದ ಒಣ ಮಣ್ಣು 10 ಗ್ರಾಂ ಸೀಮೆಎಣ್ಣೆಗೆ, 10 ಗ್ರಾಂ ಡಿಸ್ಟಿಲ್ಡ್ ನೀರಿಗೆ ಹಾಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ. ಅಲ್ಲಿ 10 ಮಿ.ಲೀ., ನೀರಲ್ಲಿ 18 ಮಿ.ಲೀ. ಬಂದ್ರೆ ಫ್ರೀ ಸ್ವೆಲ್ ಇಂಡೆಕ್ಸ್ 80%. ಖರ್ಚು ಅಂದ್ರೆ ಬರೀ ಸೀಮೆಎಣ್ಣೆ, ಆದ್ರೂ ಮಾಡಿಸೋರು ಕಮ್ಮಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತೆ: ನಮ್ದು ಬರದ ಸೀಮೆ, ನೀರೇ ಇಲ್ಲ, ಉಬ್ಬೋದು ಹೇಗೆ? ಅದೇ ಕಾರಣಕ್ಕೇ! ಮಣ್ಣು ವರ್ಷದ ಬಹುಪಾಲು ಒಣಗಿ ಹಸಿದಿರುತ್ತೆ, ಸ್ವಲ್ಪ ನೀರು ಸಿಕ್ಕರೂ ಎಳೆದುಕೊಳ್ಳುತ್ತೆ. ಆ ನೀರು ಮಳೆಯದೇ ಆಗ್ಬೇಕಂತಿಲ್ಲ. ಸೋರೋ ಸಂಪು, ಗೋಡೆ ಬುಡಕ್ಕೇ ಬಿಟ್ಟ ಟೆರೇಸ್ ಪೈಪು, ಹೋಟೆಲ್ ಮಳಿಗೆಯ ಬಚ್ಚಲು ಸಾಕು. ಬಿಲ್ಡಿಂಗ್‌ಗೆ ಅಂಡರ್‌ರೀಮ್ಡ್ ಪೈಲ್ ಹಾಕಿದ್ರೆ (ರೂರ್ಕಿಯ ಸಿಬಿಆರ್‌ಐ ಬೆಳೆಸಿದ ವಿಧಾನ, ಬುಡದಲ್ಲಿ ಗಡ್ಡೆ ತರ ದಪ್ಪ ಇರುತ್ತೆ) ಅದು ಮಣ್ಣು ಹೆಚ್ಚು ಅಲುಗಾಡದ ಆಳದಲ್ಲಿ ಬೇರು ಬಿಟ್ಟು ನಿಲ್ಲುತ್ತೆ. ಅಂಗಳ ಮಾತ್ರ ಮೇಲೆ ಕೆಳಗೆ ಆಡ್ತಾನೇ ಇರುತ್ತೆ. ಇವೆರಡೂ ಸೇರೋ ಜಾಗದಲ್ಲೇ ಪೈಪ್ ಮುರಿಯೋದು.

ಒಂದು ಲೆಕ್ಕ ನೋಡಿ. ಒಳಚರಂಡಿ ಪೈಪ್‌ಗೆ 100ಕ್ಕೆ 1 ಇಳಿಜಾರು ಕೊಟ್ಟಿದ್ದೀವಿ ಅಂದ್ಕೊಳ್ಳಿ. ಗೋಡೆಯಿಂದ ಚೇಂಬರ್‌ಗೆ 3 ಮೀಟರ್, ಅಂದ್ರೆ ಇಳಿತ 30 ಮಿ.ಮೀ. ಚೇಂಬರ್ ಕಡೆ ಮಣ್ಣು 30 ಮಿ.ಮೀ. ಎದ್ದರೆ ಇಳಿಜಾರೇ ಮುಗೀತು. ನೀರು ನಿಲ್ಲುತ್ತೆ, ಜಾಯಿಂಟ್ ಸೋರುತ್ತೆ, ಮಣ್ಣು ಇನ್ನೂ ಉಬ್ಬುತ್ತೆ. ಹಾಗಾಗಿ ಗೋಡೆ ದಾಟೋ ಕಡೆ ಪೈಪ್ ಸುತ್ತ ಸ್ಲೀವ್ ಕೊಟ್ಟು ಸಂದು ಬಿಡಬೇಕು, ಹೊರಗೆ ರಬ್ಬರ್ ರಿಂಗ್ ಜಾಯಿಂಟ್ ಬೇಕು, ಇಳಿಜಾರನ್ನೂ ಸ್ವಲ್ಪ ಹೆಚ್ಚೇ ಇಡಬೇಕು.

ಇನ್ನು ಮರಳು. ಪೈಪ್ ಟ್ರೆಂಚ್ ತುಂಬಾ ಮರಳು ಹಾಕಿದ್ರೆ ಒಳ್ಳೆ ಕೆಲಸ ಅಂತ ಎಲ್ಲರ ನಂಬಿಕೆ. ಎರಿಯಲ್ಲಿ ಅದು ಅಪಾಯ. ಸುತ್ತಲಿನ ಕ್ಲೇಗೆ ನೀರು ಬಿಡೋಕೆ ಬರಲ್ಲ, ಮರಳು ನೀರು ಹಿಡಿಯುತ್ತೆ. ಟ್ರೆಂಚ್ ಅನ್ನೋದು ಅಂಗಳದ ನೀರನ್ನ ಸೀದಾ ಫೌಂಡೇಶನ್‌ಗೆ ತಲುಪಿಸೋ ಗುಪ್ತ ಕಾಲುವೆ ಆಗುತ್ತೆ. ಪೈಪ್ ಸುತ್ತ ಮಾತ್ರ ಮರಳು, ಮೇಲೆ ದಮ್ಮಸ್ಸು ಮಾಡಿದ ಗರಸು, ಬಿಲ್ಡಿಂಗ್ ಹತ್ರ ನೀರು ದಾಟದ ಒಂದು ತಡೆ ಇರಬೇಕು. ಪೇವರ್ ಕೆಳಗೂ ಇದೇ ಮಾತು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿದ ಸಿಎನ್‌ಎಸ್ ಪದರ, ಅಂದ್ರೆ ಅಂಟು ಇದ್ದೂ ಉಬ್ಬದ ಮಣ್ಣು, ಸುಮಾರು 1 ಮೀಟರ್ ದಪ್ಪ ಇದ್ರೆ ಕೆಳಗಿನ ಉಬ್ಬನ್ನ ತಡೀತದೆ. ನಮ್ಮಲ್ಲಿ ಒಳ್ಳೆ ಗರಸು ಆ ಕೆಲಸಕ್ಕೆ ಆಗಬಹುದು, ಟೆಸ್ಟ್ ಮಾಡಿದ್ರೆ ಮಾತ್ರ. ಅಷ್ಟು ಅಗೆಯೋಕೆ ದುಡ್ಡಿಲ್ಲ ಅಂದ್ರೆ ಮೇಲ್ಪದರಕ್ಕೆ ಸುಣ್ಣ ಬೆರೆಸೋ ದಾರಿ ಇದೆ. ಬೆಡ್ಡಿಂಗ್ ಮರಳು ಮಾತ್ರ 40 ಮಿ.ಮೀ. ಮೀರೋದು ಬೇಡ.

ಗಂಗಾವತಿ ಕಥೆನೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ. ಗದ್ದೆ ಪ್ಲಾಟ್ ಆದಾಗ ಅಲ್ಲಿ ಮಣ್ಣು ಉಬ್ಬೋದಕ್ಕಿಂತ ಮೆತ್ತಗಿರೋದೇ ದೊಡ್ಡ ತಲೆನೋವು. ಹಸಿ ಕ್ಲೇ ಮೇಲೆ ರೋಲರ್ ಓಡಿಸಿದ್ರೆ ನೆಲ ಹಾಸಿಗೆ ತರ ಕುಣಿಯುತ್ತೆ, ಎಷ್ಟು ಪಾಸ್ ಹೊಡೆದ್ರೂ ಡೆನ್ಸಿಟಿ ಬರಲ್ಲ. ಮೇಲಿನ ಬೇರು ಕಸದ ಮಣ್ಣು ತೆಗೆದು, ಸುತ್ತ ಬಸಿಗಾಲುವೆ ಹೊಡೆದು, ಕಾಲುವೆಗೆ ನೀರು ನಿಂತಾಗ ಕೆಲಸಕ್ಕೆ ಇಳಿಯೋದು ಜಾಣತನ. ಪಕ್ಕದ ಗದ್ದೆಯವರು ಯಾವಾಗ ನೀರು ಬಿಡ್ತಾರೆ ಅಂತ ಕೇಳ್ಕೊಂಡ್ರೆ ಇನ್ನೂ ಒಳ್ಳೇದು.

ನನಗೆ ಸಿಟ್ಟು ಬರೋದು ಕ್ರಮದ ಬಗ್ಗೆ. ಎಲ್ಲಾ ಮುಗಿದು, ಪೇಂಟ್ ಆಗಿ, ದುಡ್ಡು ಉಳಿದ್ರೆ ಚರಂಡಿ. ಮಳೆನೀರು ಹೋಗೋ ದಾರಿ ಮತ್ತು ಅದರ ಲೆವೆಲ್ ಮೊದಲು ಗೊತ್ತಾಗ್ಬೇಕು. ಆಮೇಲೆ ಪೈಪ್, ಕೇಬಲ್ ಡಕ್ಟ್. ಕೊನೆಗೆ ಪೇವರ್, ಅದೂ ಗೋಡೆಯಿಂದ ಹೊರಕ್ಕೆ 50ಕ್ಕೆ 1 ಇಳಿಜಾರಲ್ಲಿ. ಪೇವರ್ ಹಾಕಿದ ಮೇಲೆ ಕೇಬಲ್‌ಗೆ ಅಗೆದ ಜಾಗ ಯಾವುದು ಅಂತ ಮೊದಲ ಮಳೆಗೇ ಗೊತ್ತಾಗುತ್ತೆ, ಆ ಪಟ್ಟಿ ಮಾತ್ರ ಕುಸಿದಿರುತ್ತೆ.